ತೊಟ್ಟಿಯೊಳಗಿನ ಕಲ್ಲು

ಎಬ್ಲಾ ಸತ್ತಿದ್ದು ಬೆಳಗಿನ ನಮಾಜು ಮುಗಿದು ಜನ ಇನ್ನೂ ಮಸೀದಿಯ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ ಹೊತ್ತಿಗೆ. ಗರಸ್‌ದೇರ್ ಎಂಬ ಆ ಊರಲ್ಲಿ ಯಾವ ಹೆಂಗಸು ಸತ್ತರೂ ಮೊದಲು ಹೇಳಿಕಳಿಸುತ್ತಿದ್ದುದು ಎಬ್ಲಾಗೇ. ಹೆಣ ತೊಳೆದು ಕಳಿಸುವ ಕೆಲಸ ಅವಳದು. ಯಾರೂ ಅವಳಿಗೆ ಅದನ್ನು ಒಪ್ಪಿಸಿರಲಿಲ್ಲ, ತಾನಾಗಿಯೇ ತಲೆಯ ಮೇಲೆ ಹೊತ್ತುಕೊಂಡಿದ್ದಳು. ಈಗ ಅವಳೇ ಕಣ್ಣುಮುಚ್ಚಿದ ಮೇಲೆ ಯಾರನ್ನು ಕರೆಯಬೇಕೆಂದು ತೋಚದೆ ಮಗಳು ತುಸ್ಮೊ ಬಾಗಿಲಿಗೆ ಬಂದು ನಿಂತಳು, ಮತ್ತೆ ಒಳಗೆ ಹೋದಳು, ಮತ್ತೆ ಬಂದು ನಿಂತಳು.

ತುಸ್ಮೊ ಊರಿನ ಶಾಲೆಯಲ್ಲಿ ಟೀಚರು. ಲೆಕ್ಕ ಹೇಳಿಕೊಡುತ್ತಾಳೆ. ತಾಯಿ ಸಾಯುತ್ತಾಳೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಹೊಟ್ಟೆನೋವೆಂದು ಮಲಗಿದವಳು ಮೇಲೇಳಲೇ ಇಲ್ಲ. ದಿನದಿನಕ್ಕೂ ಚಾಪೆಗೆ ಅಂಟಿಕೊಳ್ಳುತ್ತ ಹೋಗಿದ್ದಳು. ಗೊತ್ತಿದ್ದದ್ದೂ ಬಂದು ಎದುರಿಗೆ ನಿಂತಾಗ ಎದೆ ಧಸಕ್ಕೆನ್ನುವುದು ತಪ್ಪುತ್ತದೆಯೇ? ಅವಳು ತಾಯಿಯ ಕಾಲಿನ ಹತ್ತಿರ ಕೂತು ಗಟ್ಟಿಯಾಗಿ ಅತ್ತಳು. ಅತ್ತು ಮುಗಿದ ಮೇಲೆ ಮನಸ್ಸಿಗೆ ಬಂದದ್ದು ಒಂದೇ ಮಾತು. ಅದು ಅವಳು ತಾಯಿಗೆ ಕೊಟ್ಟಿದ್ದ ಮಾತು.

"ನನ್ನನ್ನ ನೀರಲ್ಲಿ ತೊಳೀಬೇಕು ಕಣೇ. ಮಣ್ಣು ಸವರಿ ಕಳಿಸ್ಬೇಡ. ನಿಂಗೆ ಕೈ ಮುಗೀತೀನಿ."

ತಾಯಿ ಮಗಳಿಗೆ ಕೈಮುಗಿದು ಕೇಳಿದ ಮಾತದು. ಕಾರಣವಿಲ್ಲದೆ ಕೇಳಿದವಳಲ್ಲ. ಎಬ್ಲಾ ಲಂಗ ಎಳೆದುಕೊಂಡು ಒಂಟೆಗಳ ಹಿಂದೆ ಓಡುವ ವಯಸ್ಸಿನಲ್ಲಿದ್ದಾಗ, ಮಳೆಯೇ ಬಾರದ ಒಂದು ವರ್ಷ, ಗುಡಿಸಲು ಕಿತ್ತು ಒಂಟೆಯ ಮೇಲೆ ಹೇರಿ ನೀರು ಹುಡುಕಿಕೊಂಡು ಹೊರಟಿದ್ದರಂತೆ. ದಾರಿಯಲ್ಲಿ ಅವಳ ತಾಯಿ ಸತ್ತಳು. ತೊಳೆಯಲು ನೀರೆಲ್ಲಿಂದ ತರಬೇಕು? ನೀರಿಲ್ಲದಿದ್ದರೆ ಶುದ್ಧ ಮಣ್ಣನ್ನು ಕೈಗೆ ತಟ್ಟಿಕೊಂಡು ಹೆಣದ ಮುಖಕ್ಕೂ ಕೈಗೂ ಸವರಿದರೆ ಸಾಕು, ಧರ್ಮದಲ್ಲಿ ಅದಕ್ಕೆ ಅಪ್ಪಣೆಯಿದೆ. ಹಾಗೆಯೇ ಮಾಡಿದರು, ತಪ್ಪೇನೂ ಮಾಡಲಿಲ್ಲ. ಆದರೆ ಆ ಪುಟ್ಟ ಹುಡುಗಿಯ ಕಣ್ಣಲ್ಲಿ ತಾಯಿಯ ಕೊನೆಯ ಮುಖವೆಂದರೆ ರೆಪ್ಪೆಯ ಮೇಲೆ ಕೆಂಪು ಮಣ್ಣು ಕೂತ ಮುಖವಾಗಿ ಉಳಿಯಿತು. ದೊಡ್ಡವಳಾದ ಮೇಲೆ ಎಬ್ಲಾ ಊರಿನ ಒಂದು ಹೆಂಗಸನ್ನೂ ತೊಳೆಯದೆ ಮಣ್ಣಿಗೆ ಬಿಡಲಿಲ್ಲ. ನಡುಹಗಲಲ್ಲಿ ಕರೆದರೂ ಬಂದಳು, ಜಗಳವಾಡಿ ಮಾತು ಬಿಟ್ಟವರ ಮನೆಯವರು ಕರೆದರೂ ಬಂದಳು.

ಈಗ ಬೇಸಿಗೆ, ಅದರಲ್ಲೂ ಕೆಟ್ಟ ಬೇಸಿಗೆ. ಊರಾಚೆ ಮಳೆನೀರು ಹಿಡಿದಿಡುವ ದೊಡ್ಡ ಬರ್ಕದ್ದಿನ ತಳದಲ್ಲಿ ಒಣಗಿದ ಕೆಸರು ಹಪ್ಪಳದ ಹಾಗೆ ಎದ್ದು ಕೂತಿತ್ತು. ಬುರಾವೊ ಪಟ್ಟಣದ ಕಡೆಯಿಂದ ನೀರು ತರುತ್ತಿದ್ದ ಲಾರಿ ದಾರಿಯಲ್ಲೆಲ್ಲೋ ಆಕ್ಸಲ್ ಮುರಿದುಕೊಂಡು ನಿಂತಿದೆಯೆಂದು ಸುದ್ದಿ ಬಂದಿತ್ತು. ರಿಪೇರಿಯಾದ ಸುದ್ದಿ ಬಂದಿರಲಿಲ್ಲ. ಮನೆಮನೆಯಲ್ಲೂ ಹಳದಿ ಕ್ಯಾನಿನ ತಳದಲ್ಲಿ ಇಷ್ಟಿಷ್ಟು ನೀರು. ಅದನ್ನು ಮುದುಕರಿಗೂ ಮಕ್ಕಳಿಗೂ ಬಟ್ಟಲಲ್ಲಿ ಅಳೆದು ಕೊಡುತ್ತಿದ್ದರು. ತುಸ್ಮೊ ಕೂಡ ದಿನಾ ಸಂಜೆ ತಾಯಿಯ ಪಾಲಿನ ಬಟ್ಟಲು ತಂದು ತಲೆಯ ಹತ್ತಿರ ಇಡುತ್ತಿದ್ದಳು. "ಅಲ್ಲೇ ಇಡು, ಆಮೇಲೆ ಕುಡೀತೀನಿ" ಎನ್ನುತ್ತಿದ್ದಳು ತಾಯಿ. ಅದೇ ಹೊತ್ತಿಗೆ ದಹಬೊ ಬಂದು ಕೂರುತ್ತಿದ್ದಳು. ಎಬ್ಲಾಳ ಜೊತೆ ಹೆಣ ತೊಳೆಯಲು ಕೈಜೋಡಿಸುತ್ತಿದ್ದ ಗೆಳತಿ, ತುಸ್ಮೊ ಬಾಯಲ್ಲಿ ಚಿಕ್ಕಮ್ಮ. ಅವಳು ಶಾಲು ಹೊದ್ದು ಎದ್ದುಹೋದ ಮೇಲೆ ನೋಡಿದರೆ ಬಟ್ಟಲು ಖಾಲಿ. ಚಿಕ್ಕಮ್ಮ ಪುಸಲಾಯಿಸಿ ಕುಡಿಸಿದ್ದಾಳೆಂದು ತುಸ್ಮೊಗೆ ಸಮಾಧಾನ.

ಇಷ್ಟು ಬರದಲ್ಲೂ ಊರು ಮುಟ್ಟದೆ ಇಟ್ಟುಕೊಂಡಿದ್ದ ನೀರೊಂದಿತ್ತು. ಮಸೀದಿಯ ತೊಟ್ಟಿಯದು. ನಾಲ್ಕು ಗೋಡೆ, ಮೇಲೆ ತಗಡು, ಪಕ್ಕದಲ್ಲೊಂದು ಕಿಟಕಿಯಷ್ಟಗಲದ ಬಾಗಿಲು, ಬಾಗಿಲಿಗೆ ಬೀಗ. ನಮಾಜಿಗೆ ಬರುವವರು ಮಣ್ಣು ತಟ್ಟಿಕೊಂಡೇ ಶುದ್ಧವಾಗುತ್ತಿದ್ದರು. "ಇದು ಸತ್ತೋರಿಗೆ, ಇಲ್ಲಾ ಸಾಯೋ ಹಾಗೆ ಆದೋರಿಗೆ" ಎಂದು ಶೇಖ್ ಗೂಲೇದ್ ಬೀಗದ ಕೈಯನ್ನು ಕೊರಳಿಗೇ ಕಟ್ಟಿಕೊಂಡಿದ್ದ. ಅದಿದೆಯೆಂಬ ಧೈರ್ಯದಲ್ಲೇ ತುಸ್ಮೊ ತಾಯಿಗೆ ಮಾತು ಕೊಟ್ಟಿದ್ದಳು.

ದಹಬೊ ಓಡಿಬಂದು ಎಬ್ಲಾಳ ದವಡೆ ಕಟ್ಟಿದಳು, ಕಣ್ಣು ಮುಚ್ಚಿಸಿದಳು. ಲೋಬಾನ ಹಾಕಿ ಹೊಗೆ ಎಬ್ಬಿಸಿದಳು. ಎಲಚಿ ಎಲೆಯ ಪುಡಿ, ಬಿಳಿ ಬಟ್ಟೆ ಎಲ್ಲ ಎಬ್ಲಾಳ ಪೆಟ್ಟಿಗೆಯಲ್ಲೇ ಇದ್ದವು. ಬೇರೆಯವರಿಗೆಂದು ಯಾವಾಗಲೂ ಸಿದ್ಧ ಇಟ್ಟುಕೊಂಡಿರುತ್ತಿದ್ದಳಲ್ಲ. ಇನ್ನು ನೀರೊಂದು ಬಂದರೆ ಆಯಿತು ಎನ್ನುವಾಗ ಮಸೀದಿ ನೋಡಿಕೊಳ್ಳುವ ವರ್ಫಾ ಬರಿಗೈಯಲ್ಲಿ ಬಂದ. ಮುಖ ನೋಡಿದರೆ ಅವನ ಮನೆಯಲ್ಲೇ ಸಾವಾದ ಹಾಗಿತ್ತು.

"ಟೀಚರಮ್ಮಾ, ತೊಟ್ಟಿಯಲ್ಲಿ ಅಳಿಲು ಬಿದ್ದು ಸತ್ತಿದೆ. ಮಳೆನೀರು ಒಳಗೆ ಹೋಗೋ ತೂತಿಗೆ ತುರುಕಿದ್ದ ಬಟ್ಟೆ ಕಿತ್ಕೊಂಡು ನುಗ್ಗಿದೆ, ಹಾಳಾದ್ದು."

"ಊದ್ಕೊಂಡಿದೆಯಾ? ನೀರು ವಾಸನೆ ಬರುತ್ತಾ?" ಎಂದಳು ದಹಬೊ.

"ಇಲ್ಲ ಇಲ್ಲ. ರಾತ್ರಿ ಬಿದ್ದಿರಬೇಕು. ನೀರು ಹಾಗೇ ಇದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಶೇಖ್ ಬಂದು ಗೆರೆ ನೋಡ್ತಾ ಇದಾರೆ."

ಗೆರೆ ಎಂದರೆ ಆ ಊರಲ್ಲಿ ಎಲ್ಲರಿಗೂ ಗೊತ್ತು. ಸತ್ತ ಪ್ರಾಣಿ ಬಿದ್ದರೆ ಕಡಿಮೆ ನೀರು ಆ ಕ್ಷಣಕ್ಕೇ ಮೈಲಿಗೆ. ಅದೇ ನೀರು ಎರಡು ಕುಲ್ಲದಷ್ಟಿದ್ದರೆ ಬಣ್ಣ, ರುಚಿ, ವಾಸನೆ ಕೆಡುವವರೆಗೂ ಮೈಲಿಗೆಯಾಗುವುದಿಲ್ಲ. ಎರಡು ಕುಲ್ಲ ಅಂದರೆ ಎಷ್ಟು? ಉದ್ದ ಒಂದೂಕಾಲು ಮೊಳ, ಅಗಲ ಒಂದೂಕಾಲು ಮೊಳ, ಆಳ ಒಂದೂಕಾಲು ಮೊಳ ಇರುವ ತೊಟ್ಟಿ ತುಂಬುವಷ್ಟು. ಮದರಸಾದಲ್ಲಿ ಕೂತ ಮಕ್ಕಳೆಲ್ಲ ತಲೆದೂಗುತ್ತ ಬಾಯಿಪಾಠ ಮಾಡಿದ ಅಳತೆ ಇದು. ಮಸೀದಿಯ ತೊಟ್ಟಿ ಕಟ್ಟಿದಾಗ ಶೇಖನ ತಂದೆ ಲೆಕ್ಕ ಹಾಕಿ, ನೀರು ಎಲ್ಲಿಗೆ ಬಂದರೆ ಎರಡು ಕುಲ್ಲ ಆಗುತ್ತದೋ ಅಲ್ಲಿ ಒಳಗೋಡೆಯ ಸಿಮೆಂಟಿಗೆ ಮೊಳೆಯಿಂದ ಒಂದು ಗೆರೆ ಎಳೆದಿದ್ದರು.

ತುಸ್ಮೊ ದಹಬೊಳ ಜೊತೆ ಮಸೀದಿಗೆ ಹೋದಾಗ ಅಂಗಳದಲ್ಲಿ ಆಗಲೇ ಊರು ನೆರೆದಿತ್ತು. ಅಳಿಲನ್ನು ಮರಳಲ್ಲಿ ಹೂತಿದ್ದರು. ಶೇಖ್ ಗೂಲೇದ್ ತೊಟ್ಟಿಯ ಬಾಗಿಲೊಳಗೆ ತಲೆ ತೂರಿಸಿದ್ದವನು ಹೊರಗೆ ಬಂದು ಗಡ್ಡಕ್ಕೆ ಹತ್ತಿದ್ದ ಜೇಡರ ಬಲೆ ಒರೆಸಿಕೊಂಡ.

"ದೇವರು ದೊಡ್ಡವನು ತಾಯಿ. ನೀರು ಸರಿಯಾಗಿ ಗೆರೆ ಮೇಲಿದೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಎರಡು ಕುಲ್ಲ ತುಂಬಿದೆ. ನಿಮ್ಮಮ್ಮನ ಪುಣ್ಯ. ತಗೊಂಡು ಹೋಗಿ ತೊಳೀರಿ."

ಜನ ನಿಟ್ಟುಸಿರು ಬಿಟ್ಟರು. ಯಾರೋ "ಇದ್ದಾಗ ನೀರು ನೀರು ಅಂತ ಸಾಯ್ತಿದ್ಲು, ಸತ್ತಾಗ ನೀರೇ ಕಾದು ಕೂತಿದೆ ನೋಡು" ಅಂದರು. ವರ್ಫಾ ಆಗಲೇ ಬಕೆಟ್ಟಿನ ಹಗ್ಗ ಬಿಚ್ಚುತ್ತಿದ್ದ.

ತುಸ್ಮೊ ಮಾತ್ರ ನಿಂತಲ್ಲೇ ನಿಂತಳು. ಅವಳಿಗೆ ಕಲ್ಲು ನೆನಪಾಗಿತ್ತು.

ಹೋದ ಬೇಸಿಗೆಯಲ್ಲಿ ಇದೇ ತೊಟ್ಟಿಯ ನೀರು ಇಳಿದಾಗ, ಹೆಣ ತೊಳೆಯಲು ನೀರು ತೋಡುತ್ತಿದ್ದ ಎಬ್ಲಾಗೆ ಬಕೆಟ್ಟಿನಲ್ಲಿ ಬರೀ ತಳದ ಗಸಿ ಬರುತ್ತಿತ್ತು. "ಸತ್ತೋಳ ಮೈಮೇಲೆ ಬಗ್ಗಡ ಸುರೀಲಾ?" ಎಂದು ಸಿಡುಕಿ, ಮಗಳ ಕೈಲಿ ಒಂದು ಚಪ್ಪಟೆ ಕಲ್ಲು ಹೊರಿಸಿಕೊಂಡು ಬಂದು ತೊಟ್ಟಿಯ ತಳಕ್ಕೆ ಇಳಿಸಿದ್ದಳು. ಬಕೆಟ್ಟನ್ನು ಆ ಕಲ್ಲಿನ ಮೇಲೆ ಕೂರಿಸಿ ಬಗ್ಗಿಸಿದರೆ ತಿಳಿನೀರು ಮಾತ್ರ ತುಂಬಿಕೊಳ್ಳುತ್ತಿತ್ತು. ಶಾಲೆಯ ಕಟ್ಟೆಗೆಂದು ಕೆತ್ತಿಸಿ ತಂದು ಉಳಿದಿದ್ದ ಕಲ್ಲು ಅದು. ಉದ್ದ ಹದಿನೆಂಟು ಬೆರಳು, ಅಗಲ ಹತ್ತು, ದಪ್ಪ ಆರು. ಅಳತೆ ತುಸ್ಮೊಗೆ ಬಾಯಿಗೇ ಬರುತ್ತದೆ, ಯಾಕೆಂದರೆ ಅದರ ಜೊತೆಯ ಕಲ್ಲುಗಳನ್ನು ಮಕ್ಕಳ ಕೈಯಲ್ಲಿ ಅಳೆಸಿದವಳು ಅವಳೇ. ತಗಡಿನ ಕೆಳಗಿನ ಕತ್ತಲಲ್ಲಿ, ಕಪ್ಪು ನೀರಿನ ತಳದಲ್ಲಿ, ಆ ಕಲ್ಲು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಹೋದ ವಾರ ತಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಈ ಜಾತಿಯದೇ ಲೆಕ್ಕ ಕೊಟ್ಟಿದ್ದಳು. ಆಯತಾಕಾರದ ತೊಟ್ಟಿಯೊಳಗೆ ಕಲ್ಲೊಂದು ಮುಳುಗಿದೆ, ನೀರು ಇಷ್ಟು ಎತ್ತರಕ್ಕೆ ನಿಂತಿದೆ, ನಿಜವಾಗಿ ನೀರೆಷ್ಟು? ಅರ್ಧ ತರಗತಿ ಉದ್ದ ಅಗಲ ಎತ್ತರ ಗುಣಿಸಿ, ಸರಿಯೆಂದು ಕೈಕಟ್ಟಿ ಕೂತಿತ್ತು. "ಕಲ್ಲನ್ನೂ ಕುಡೀತೀರೇನ್ರೋ?" ಎಂದು ಕೇಳಿದ್ದಳು ತುಸ್ಮೊ. ಮಕ್ಕಳು ಬಿದ್ದು ಬಿದ್ದು ನಕ್ಕಿದ್ದವು. ಆ ಮಾತು ಅವಳದಲ್ಲ, ಅವಳ ತಾಯಿಯದು. ತುಸ್ಮೊ ಚಿಕ್ಕವಳಿದ್ದಾಗ ಇಂಥ ಲೆಕ್ಕವನ್ನು ಗಟ್ಟಿಯಾಗಿ ಓದುತ್ತಿದ್ದುದನ್ನು ಕೇಳಿಸಿಕೊಂಡು, ಅಕ್ಷರ ಬಾರದ ಎಬ್ಲಾ ಕಾವಲಿಯ ಮೇಲೆ ಅಂಜೇರ ದೋಸೆ ಹೊಯ್ಯುತ್ತಲೇ ನಕ್ಕು ಹಾಗಂದಿದ್ದಳು.

ತಲೆಯಲ್ಲಿ ಲೆಕ್ಕ ತಾನಾಗಿಯೇ ಓಡಿತು, ಬೇಡವೆಂದರೂ ನಿಲ್ಲಲಿಲ್ಲ. ಮೊಳಕ್ಕೆ ಇಪ್ಪತ್ತನಾಲ್ಕು ಬೆರಳು. ಒಂದೂಕಾಲು ಮೊಳ ಅಂದರೆ ಮೂವತ್ತು. ಮೂವತ್ತನ್ನು ಮೂರು ಸಲ ಗುಣಿಸಿದರೆ ಇಪ್ಪತ್ತೇಳು ಸಾವಿರ, ಅದೇ ಎರಡು ಕುಲ್ಲ. ತೊಟ್ಟಿಯ ತಳ ಅರವತ್ತು ಬೆರಳು ಉದ್ದ, ಮೂವತ್ತಾರು ಅಗಲ. ಗುಣಿಸಿದರೆ ಎರಡು ಸಾವಿರದ ನೂರ ಅರವತ್ತು. ಗೆರೆ ಇರುವುದು ಹನ್ನೆರಡೂವರೆ ಬೆರಳಿನ ಎತ್ತರದಲ್ಲಿ, ಸರಿಯಾಗಿಯೇ ಇದೆ. ಆದರೆ ಕಲ್ಲು? ಹದಿನೆಂಟು, ಹತ್ತು, ಆರು ಗುಣಿಸಿದರೆ ಸಾವಿರದ ಎಂಬತ್ತು. ತಳದ ಲೆಕ್ಕದ ಸರಿ ಅರ್ಧ. ಕಲ್ಲು ತೆಗೆದರೆ ನೀರು ಅರ್ಧ ಬೆರಳು ಇಳಿಯುತ್ತದೆ.

ಅರ್ಧ ಬೆರಳು, ಅಷ್ಟೇ. ಆ ಅರ್ಧ ಬೆರಳಿನಲ್ಲಿ ಇಡೀ ತೊಟ್ಟಿ ಮೈಲಿಗೆ. ಮೈಲಿಗೆ ನೀರಲ್ಲಿ ತೊಳೆದರೆ ತೊಳೆದ ಹಾಗಲ್ಲ. ತಾಯಿಗೆ ಮಣ್ಣೇ ಗತಿ.

ದಹಬೊ ಅವಳ ಮುಖ ನೋಡಿದಳು. ನೋಡಿದ್ದೇ ರೆಟ್ಟೆ ಹಿಡಿದು ಮಸೀದಿಯ ಗೋಡೆಯ ಮರೆಗೆ ಎಳೆದುಕೊಂಡು ಹೋದಳು.

"ಕಲ್ಲಿನ ವಿಷಯ ತಾನೇ?"

"ನಿಂಗೂ ಗೊತ್ತಾ ಚಿಕ್ಕಮ್ಮ?"

"ಹೆಣಕ್ಕೆ ನೀರು ತೋಡಿದ ಕೈ ನಂದೂ ಅಲ್ವೇನೇ? ನೋಡು, ಬಾಯಿ ಮುಚ್ಕೊಂಡಿರು. ಶೇಖೇ ಗೆರೆ ನೋಡಿ ಸರಿ ಅಂದಾಯ್ತು. ನಿನ್ನನ್ನ ಯಾರು ಕೇಳಿದ್ರು?"

"ಯಾರೂ ಕೇಳಲಿಲ್ಲ."

"ಮತ್ತೆ? ಊರಿನ ಹೆಂಗಸರನ್ನೆಲ್ಲ ತೊಳೆದು ಕಳಿಸಿದೋಳು ಅವಳು. ಅವಳಿಗೆ ಒಂದು ಕಲ್ಲಿನಷ್ಟು ಕಮ್ಮಿ ಅಂತ ದೇವರು ಲೆಕ್ಕ ಇಟ್ಕೊಂಡು ಕೂತಿರ್ತಾನಾ? ಅವನೇನು ನಿನ್ನ ಹಾಗೆ ಮೇಷ್ಟ್ರಾ?"

ತುಸ್ಮೊಗೆ ಆ ಮಾತು ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ ದಹಬೊಳ ಶಾಲಿನಲ್ಲಿ ಮುಖ ಹುದುಗಿಸಿ ಹೂಂ ಅಂದುಬಿಡಬೇಕೆನ್ನಿಸಿತು. ಹೂಂ ಅಂದರೆ ಮುಗಿಯಿತು. ಬಕೆಟ್ಟು ಇಳಿಯುತ್ತದೆ, ನೀರು ಬರುತ್ತದೆ, ತಾಯಿಯ ತಲೆಗೂದಲು ನೆನೆಯುತ್ತದೆ, ಕೊಟ್ಟ ಮಾತು ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಅಮ್ಮನಿಗೆ? ಎಂದು ಕೇಳಿಕೊಂಡಳು. ಸತ್ತವಳ ಮೈಮೇಲೆ ಒಂದು ಎಳೆ ಗಸಿ ಬೀಳಬಾರದೆಂದು ಕಲ್ಲು ತಂದು ಹಾಕಿಸಿದವಳು ಅಮ್ಮ. ಅಂಥವಳ ಮೈಮೇಲೆ, ಇದು ಶುದ್ಧವಲ್ಲವೆಂದು ಗೊತ್ತಿದ್ದೂ, ತಂಬಿಗೆ ಎತ್ತಿ ಸುರಿಯಲು ತನ್ನ ಕೈ ಬರುತ್ತದೆಯೇ? ನೀರಲ್ಲಿ ತೊಳೆ ಅಂದವಳು ಮೋಸದಲ್ಲಿ ತೊಳೆ ಅಂದಿರಲಿಲ್ಲ. ತುಸ್ಮೊಗೆ ತಾಯಿಯ ಮೇಲೆ ಸಿಟ್ಟು ಬಂತು, ಸತ್ತ ಮೇಲೂ ತನ್ನನ್ನು ಹೀಗೆ ಸಿಕ್ಕಿಸಿ ಹಾಕಿದಳಲ್ಲ ಎಂದು. ಸಿಟ್ಟಿನ ಹಿಂದೆಯೇ ದುಃಖ ಉಕ್ಕಿ ಬಂತು.

"ಆಗಲ್ಲ ಚಿಕ್ಕಮ್ಮ" ಎಂದಳು.

"ಹಾಗಾದ್ರೆ ಹೋಗು, ನಿನ್ನ ತಾಯಿ ಮುಖಕ್ಕೆ ನಿನ್ನ ಕೈಯಾರೆ ಮಣ್ಣು ಬಳಿ" ಎಂದು ದಹಬೊ ಮುಖ ತಿರುಗಿಸಿಕೊಂಡಳು. ಅವಳ ಕಣ್ಣಲ್ಲೂ ನೀರಿತ್ತು.

ತುಸ್ಮೊ ಅಂಗಳಕ್ಕೆ ಬಂದು ಎಲ್ಲರೆದುರಿಗೆ ಹೇಳಿದಳು. ತೊಟ್ಟಿಯಲ್ಲಿ ಕಲ್ಲಿದೆ, ಅಮ್ಮನೇ ಹಾಕಿದ್ದು, ಗೆರೆ ಮುಟ್ಟಿರುವುದು ನೀರೊಂದೇ ಅಲ್ಲ. ವರ್ಫಾನ ಕೈಲಿದ್ದ ಬಕೆಟ್ಟು ಅರ್ಧಕ್ಕೇ ನಿಂತಿತು. ಶೇಖ್ ಅವಳನ್ನೇ ಬಹಳ ಹೊತ್ತು ನೋಡಿದ. ವರ್ಫಾನಿಗೆ ಕಣ್ಸನ್ನೆ ಮಾಡಿದ. ವರ್ಫಾ ತೋಳು ಮಡಚಿ, ಬಾಗಿಲಲ್ಲಿ ಸೊಂಟದವರೆಗೂ ಒಳಗೆ ತೂರಿ, ಏದುಸಿರು ಬಿಡುತ್ತ ಕಲ್ಲನ್ನು ಎತ್ತಿ ಹೊರಗೆ ತಂದ. ಬಿಸಿಲಿಗಿಟ್ಟ ಕಲ್ಲಿನಿಂದ ಇಳಿದ ನೀರು ಮರಳು ಮುಟ್ಟುವ ಮೊದಲೇ ಆರಿಹೋಯಿತು.

ಶೇಖ್ ಮತ್ತೆ ಒಳಗೆ ಬಗ್ಗಿ ನೋಡಿದ. ಗೆರೆ ನೀರಿನಿಂದ ಮೇಲೆದ್ದು, ಅರ್ಧ ಬೆರಳು ಮೇಲೆ, ಒಣಗುತ್ತಿತ್ತು.

"ಶೇಖ್, ಒಂದು ಮಾತು" ಎಂದ ವರ್ಫಾ, ತಲೆ ಕೆರೆದುಕೊಳ್ಳುತ್ತ. "ಕಲ್ಲನ್ನ ವಾಪಸ್ ಅಲ್ಲೇ ಇಟ್ಬಿಟ್ರೆ? ಈಗ ಎಲ್ರಿಗೂ ಗೊತ್ತಿದ್ದೇ ಇಡೋದಲ್ವಾ, ಮೋಸ ಏನ್ ಬಂತು?"

"ಕಲ್ಲನ್ನ ಕುಡೀತೀಯೇನೋ?" ಎಂದ ಶೇಖ್.

ಒಂದಿಬ್ಬರು ನಕ್ಕರು. ಆ ಮಾತು ಮಕ್ಕಳ ಬಾಯಿಂದ ಊರೆಲ್ಲ ಹರಡಿತ್ತೆಂದು ಕಾಣುತ್ತದೆ. ತುಸ್ಮೊಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಅವಳು ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

ಶೇಖ್ ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ತಾಯಿ, ಒಂದು ದಾರಿ ಇದೆ. ಕಮ್ಮಿ ನೀರು ಮೈಲಿಗೆ ಆಗಿದ್ರೂ, ಅದಕ್ಕೆ ನೀರು ಸೇರಿಸಿ ಎರಡು ಕುಲ್ಲ ಮಾಡಿದ್ರೆ ಪೂರ್ತಿ ಶುದ್ಧ ಆಗುತ್ತೆ. ಗೆರೆ ಮುಟ್ಟಬೇಕು, ಅಷ್ಟೇ. ಎಷ್ಟು ಬೇಕಾದೀತು?"

"ಕಲ್ಲಿನಷ್ಟು ನೀರು. ಅರ್ಧ ಕ್ಯಾನಿಗೆ ಒಂಚೂರು ಕಮ್ಮಿ."

ಶೇಖ್ ಎದ್ದು ನಿಂತು ಜನರಿಗೆ ಅದನ್ನೇ ಹೇಳಿದ. ಮುಚ್ಚುಮರೆಯಿಲ್ಲದೆ ಹೇಳಿದ. "ಗೆರೆ ಮುಟ್ಟಿದ್ರೆ ಸತ್ತೋಳಿಗೂ ಆಯ್ತು, ಉಳಿದದ್ದು ನಮಗೂ ಆಯ್ತು. ಮುಟ್ಟದೆ ಹೋದ್ರೆ ಸುರಿದ ನೀರೂ ಹೋಯ್ತು ಅಂತ ತಿಳ್ಕೊಳಿ. ಬಾಯಾರಿದ ಮಕ್ಕಳಿರೋ ಮನೆಯಿಂದ ಕೊಡಿ ಅಂತ ನಾನು ಕೇಳಲ್ಲ. ಜೀವ ಇರೋರ ದಾಹ ಮೊದಲು. ಮಣ್ಣು ಸವರಿ ಕಳಿಸೋದಕ್ಕೆ ದೇವರ ಅಪ್ಪಣೆ ಇದೆ, ಅದರಲ್ಲಿ ಅವಮಾನ ಇಲ್ಲ."

ಈಗ ನೋಡಬೇಕಿತ್ತು ಆ ಜನರನ್ನು! ಒಬ್ಬ ಆಕಾಶ ನೋಡಿದ, ಇನ್ನೊಬ್ಬಳು ಸೆರಗಿನ ಅಂಚು ನೋಡಿದಳು. ಕೆಟ್ಟವರೆನ್ನಬೇಡಿ. ಮನೆಯಲ್ಲಿ ಕೂಸಿದ್ದವರಿಗೆ ತಳದ ನೀರನ್ನು ಕತ್ತಲ ತೊಟ್ಟಿಗೆ ಸುರಿಯುವುದು ಬಾಯಿಮಾತಲ್ಲ. ತುಸ್ಮೊ ಯಾರನ್ನೂ ಬೇಡಲಿಲ್ಲ. ತನ್ನ ಮನೆಯ ಕ್ಯಾನು ತಂದು ಅಲ್ಲಾಡಿಸಿ ನೋಡಿದಳು; ಮೂರು ಬಟ್ಟಲೂ ಇರಲಿಲ್ಲ. ಆರು ತಂಬಿಗೆ ನೀರಿದ್ದಿದ್ದರೂ ತೊಟ್ಟಿಗೆ ಹಾಕದೆ ನೇರವಾಗಿ ತಾಯಿಯ ಮೈಮೇಲೆ ಹಾಕಬಹುದಿತ್ತು. ಇಷ್ಟರಲ್ಲಿ ತಲೆಗೂದಲೂ ನೆನೆಯದು. ಬಿಸಿಲು ಏರುತ್ತಿತ್ತು. ಹೆಣ ಕಾಯುವುದಿಲ್ಲ.

"ಮಣ್ಣು ತರಿಸಿ ಶೇಖ್" ಎಂದಳು.

ವರ್ಫಾ ಬುಟ್ಟಿ ಹಿಡಿದು ಶುದ್ಧ ಮಣ್ಣು ಹುಡುಕಲು ಗರಸ್ ಮರದ ಕಡೆ ಹೊರಟ. ತುಸ್ಮೊ ಮನೆಯ ಕಡೆ ಹೆಜ್ಜೆ ಹಾಕಿದಳು. ಅಮ್ಮಾ, ನನ್ನ ಕೈಲಿ ಆಗಲಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಹಿಂದಿನಿಂದ ಕೂಗು ಕೇಳಿಸಿತು.

"ನಿಂತ್ಕೊಳೇ! ಮಣ್ಣು ಗಿಣ್ಣು ಏನೂ ಬೇಡ, ನಿಂತ್ಕೋ!"

ದಹಬೊ. ತನ್ನ ಮನೆಯ ಕಡೆಯಿಂದ ಬರುತ್ತಿದ್ದಳು. ಒಂದು ಪಕ್ಕಕ್ಕೆ ವಾಲಿಕೊಂಡು, ಇನ್ನೊಂದು ಕೈಯನ್ನು ಗಾಳಿಯಲ್ಲಿ ಚಾಚಿಕೊಂಡು, ಅಡುಗೆ ಎಣ್ಣೆಯ ಚಿಕ್ಕ ಹಳದಿ ಕ್ಯಾನೊಂದನ್ನು ಹೊತ್ತು ತರುತ್ತಿದ್ದಳು. ಹತ್ತಿರ ಬಂದು ಕ್ಯಾನನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕುಸಿದು ಕೂತಳು. ಒಳಗೆ ನೀರು ಕುಲುಕಿದ ಸದ್ದು ಎಲ್ಲರಿಗೂ ಕೇಳಿಸಿತು.

"ಇದು ನಂದಲ್ಲ. ನಿಮ್ಮಮ್ಮಂದು."

"ಅಮ್ಮಂದಾ?"

"ದಿನಾ ಸಂಜೆ ನೀನು ಬಟ್ಟಲು ಇಟ್ಟು ಹೋಗ್ತಿದ್ದೆಯಲ್ಲ, ತುಟಿ ಒದ್ದೆ ಮಾಡ್ಕೊಂಡು ಉಳಿದದ್ದನ್ನ ನನ್ನ ಬಾಟಲಿಗೆ ಹುಯ್ಯಿಸ್ತಿದ್ಲು. ನನ್ನ ತೊಳೆಯೋಕೆ ಕೂಡಿಡು, ತುಸ್ಮೊಗೆ ಹೇಳ್ಬೇಡ, ಹೇಳಿದ್ರೆ ಬಲವಂತ ಮಾಡಿ ಕುಡಿಸ್ತಾಳೆ ಅಂದ್ಲು. ಶಾಲಿನ ಕೆಳಗೆ ಮುಚ್ಕೊಂಡು ತಂದು ತಂದು ಇದಕ್ಕೆ ಹುಯ್ದಿದೀನಿ." ದಹಬೊ ಮುಖವನ್ನು ಶಾಲಿನಲ್ಲಿ ಒರೆಸಿಕೊಂಡಳು. "ತೊಟ್ಟಿ ಇದೆಯಲ್ಲ, ಅದರ ನೀರಲ್ಲಿ ತೊಳೆದ್ರಾಯ್ತು, ಇದು ನನಗೇ ಉಳೀತು ಅಂದ್ಕೊಂಡೆ ಕಣೇ. ಮೊಮ್ಮಗೂಗೆ ಜ್ವರ. ನೀರು ನೀರು ಅಂತ ಅಳುತ್ತೆ. ಇದರಿಂದ ಎರಡು ಸಲ ಕುಡಿಸಿದೀನಿ, ಸುಳ್ಳು ಹೇಳಲ್ಲ. ಅದಕ್ಕೇ ನಿನಗೆ ಬಾಯಿ ಮುಚ್ಕೋ ಅಂದೆ. ನೀನು ಮುಚ್ಕೊಳ್ಳಲಿಲ್ಲ. ಸತ್ತೋಳ ಮಗಳೇ ನಿಜ ಹೇಳ್ತಾ ನಿಂತಿರುವಾಗ ನಾನು ಸತ್ತೋಳ ನೀರನ್ನ ಮುಚ್ಚಿಟ್ಕೊಂಡು ಕೂರೋದಾ? ತಗೋ. ಹುಯ್ಯಿ."

ತುಸ್ಮೊಗೆ ಖಾಲಿ ಬಟ್ಟಲುಗಳೆಲ್ಲ ಒಂದೊಂದಾಗಿ ಕಣ್ಣಮುಂದೆ ಬಂದವು. ಅಮ್ಮ ಕುಡಿದಳು ಎಂದು ನೆಮ್ಮದಿಯಿಂದ ಬಟ್ಟಲು ಎತ್ತಿಕೊಂಡು ಹೋಗುತ್ತಿದ್ದಳಲ್ಲ ತಾನು, ಆಗ ಅಮ್ಮ ಬಾಯಾರಿಕೊಂಡು ಮಗಳ ಬೆನ್ನನ್ನೇ ನೋಡುತ್ತ ಮಲಗಿದ್ದಳು. ದಹಬೊಳನ್ನು ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯದೆ ಕ್ಯಾನನ್ನೇ ತಬ್ಬಿಕೊಂಡು ಎತ್ತಿದಳು.

ಇಷ್ಟರಲ್ಲೇ ತಾಯಿಯನ್ನು ತೊಳೆದುಬಿಡಬಹುದಿತ್ತು, ಆದರೆ ತೊಟ್ಟಿ ಮೈಲಿಗೆಯಾಗಿಯೇ ಉಳಿದರೆ ಆ ಜ್ವರದ ಕೂಸಿಗೂ ಊರಿಗೂ ನೀರಿಲ್ಲ. ತೊಟ್ಟಿಯ ಬಾಗಿಲಲ್ಲಿ ಶೇಖ್ ಟಾರ್ಚು ಹಿಡಿದ. ತುಸ್ಮೊ ಸುರಿದಳು. ನೀರು ಅಲುಗಾಡಿ, ಗೋಡೆಗೆ ಬಡಿದು, ಮೆಲ್ಲಗೆ ನಿಂತಿತು. ಕ್ಯಾನನ್ನು ತಲೆಕೆಳಗು ಮಾಡಿ ಕೊನೆಯ ಹನಿಯವರೆಗೂ ಕೊಡವಿದಳು. ತನ್ನ ಮನೆಯ ಕ್ಯಾನಿನ ತಳದ ನೀರನ್ನೂ ಹುಯ್ದಳು.

"ಕೂದಲೆಳೆಯಷ್ಟು ಕಮ್ಮಿ" ಎಂದ ಶೇಖ್.

ದಹಬೊ ಹಣೆಗೆ ಬಡಿದುಕೊಂಡಳು. "ನನ್ನ ಮೊಮ್ಮಗೂ ಕುಡಿದಷ್ಟೇ ಕಮ್ಮಿ. ಅಯ್ಯೋ ದೇವರೇ, ಅಷ್ಟೇ ಕಮ್ಮಿ."

ಆಗ ಒಬ್ಬಳು ಎದ್ದು ಮನೆಗೆ ಹೋದಳು. ಅವಳ ತಾಯಿಯನ್ನೂ ಎಬ್ಲಾ ತೊಳೆದಿದ್ದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ನಾಲ್ಕಾರು ಜನ. ಅರ್ಧ ಕ್ಯಾನು ಕೇಳಿದಾಗ ಆಕಾಶ ನೋಡಿದವರು ಈಗ ಒಂದೊಂದು ಬಟ್ಟಲು ಹಿಡಿದು ಬಂದರು. ಮನುಷ್ಯರು ಹಾಗೆಯೇ. ದೊಡ್ಡದನ್ನು ಒಬ್ಬರೇ ಕೊಡಲು ಅಂಜುತ್ತಾರೆ. ಇನ್ನೇನು ಮುಟ್ಟಿತು ಎಂದಾಗ ಹಿಂದೆ ಉಳಿಯಲು ನಾಚುತ್ತಾರೆ. ಅವರನ್ನು ಅದಕ್ಕಾಗಿ ಬೈಯಲು ನನಗೆ ಬಾಯಿಲ್ಲ. ಅಷ್ಟರಲ್ಲಿ ವಾಪಸ್ ಬಂದಿದ್ದ ವರ್ಫಾ ಮಣ್ಣಿನ ಬುಟ್ಟಿಯನ್ನು ದೂರಕ್ಕೆಸೆದು, ತನ್ನ ಸೊಂಟದ ಚರ್ಮದ ಚೀಲದಲ್ಲಿದ್ದ ಗುಟುಕನ್ನೂ ತಂದು ಹುಯ್ದ. ಜ್ವರದ ಕೂಸಿನ ಮನೆಯಿಂದ ಮಾತ್ರ ಶೇಖ್ ಇನ್ನೊಂದು ಹನಿ ಮುಟ್ಟಗೊಡಲಿಲ್ಲ.

ಗೆರೆ ಒದ್ದೆಯಾಯಿತು. ನೀರು ಅದರ ಮೇಲೆ ಹತ್ತಿ ನಿಂತಿತು. ಶೇಖ್ ಬೊಗಸೆಯಲ್ಲಿ ಎತ್ತಿ ಮೂಸಿದ, ರುಚಿ ನೋಡಿದ, ಬೆಳಕಿಗೆ ಹಿಡಿದು ಬಣ್ಣ ನೋಡಿದ.

"ಶುದ್ಧ" ಎಂದ. "ಎತ್ಕೊಳ್ಳಿ. ಮೊದಲು ಆ ಜ್ವರದ ಮಗೂಗೆ ಒಂದು ತಂಬಿಗೆ ಕಳಿಸಿ."

ಎಬ್ಲಾಳನ್ನು ಅವಳ ಮನೆಯ ಹಿಂದೆ ಚಾಪೆ ಕಟ್ಟಿ ಮರೆ ಮಾಡಿ ಹಲಗೆಯ ಮೇಲೆ ಮಲಗಿಸಿದ್ದರು. ಎಲಚಿ ಪುಡಿ ಕದಡಿದ ನೀರು ಒಂದು ಬಕೆಟ್ಟು, ತಿಳಿನೀರು ಒಂದು ಬಕೆಟ್ಟು, ಕರ್ಪೂರ ಹಾಕಿದ್ದು ಒಂದು. ಎಬ್ಲಾ ಎಲ್ಲರಿಗೂ ಮಾಡುತ್ತಿದ್ದ ಕ್ರಮ ಅದೇ. ದಹಬೊ ತಲೆಯ ಕಡೆ ನಿಂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತುಸ್ಮೊಳೇ ಕೈ ಚಾಚಿ ಚಿಕ್ಕಮ್ಮನ ಶಾಲಿನ ತುದಿಯನ್ನು ಅವಳ ಸೊಂಟಕ್ಕೆ ಸಿಕ್ಕಿಸಿದಳು, ನೆನೆಯಬಾರದೆಂದು.

"ನಮ್ಮ ಮನೆ ಗೋಡೆ ಹತ್ರ ಆ ಕಲ್ಲು ತರಿಸಿಟ್ಟಿದೀನಿ" ಎಂದಳು ದಹಬೊ. "ಗಂಡಸರಿಗೆ ಹೇಳಿ ಅವಳ ಗೋರಿಯ ತಲೆ ಕಡೆ ನೆಡಿಸೋಣ."

ತುಸ್ಮೊ ತಲೆಯಾಡಿಸಿದಳು. ಹೆಣ ತೊಳೆಯುವಾಗ ಮೊದಲು ಒದ್ದೆ ಬೆರಳಿಂದ ಬಾಯಿ ಒರೆಸಬೇಕು. ಅವಳು ತಾಯಿಯ ಮುಖದ ಮೇಲೆ ಬಗ್ಗಿದಳು. ತುಟಿ ಒಡೆದು ಬಿರುಕು ಬಿಟ್ಟಿತ್ತು. ದಿನಾ ಸಂಜೆ ಬಟ್ಟಲು ಇಡಲು ಬಗ್ಗಿದಾಗಲೂ ಈ ತುಟಿ ಹೀಗೆಯೇ ಇದ್ದಿರಬೇಕು, ಅವಳು ನೋಡಿರಲಿಲ್ಲ. ಬಟ್ಟಲನ್ನು ಮಾತ್ರ ನೋಡಿದ್ದಳು.

"ಕುಡಿಯಮ್ಮಾ" ಎಂದಳು, ಹೆಣಕ್ಕೆ ಕೇಳುವುದಿಲ್ಲವೆಂದು ಗೊತ್ತಿದ್ದೂ. "ನಿಂದೇ ನೀರು." ಒದ್ದೆ ಬೆರಳನ್ನು ಆ ತುಟಿಯ ಮೇಲಿಟ್ಟು ಈ ಕೊನೆಯಿಂದ ಆ ಕೊನೆಯವರೆಗೆ ಒರೆಸಿದಳು. ಆಮೇಲೆ ತಂಬಿಗೆ ಎತ್ತಿಕೊಂಡು ತಲೆಯಿಂದ ತೊಳೆಯಲು ಶುರುಮಾಡಿದಳು.